ವೀಳ್ಯ ಕೊಟ್ಟ ಮೇಲೆ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಹೊಗಳುವಷ್ಟು ಹಕ್ಕು ನನಗೆ ಉಳಿದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಅವರನ್ನು ನಾವ್ಯಾರೂ ಹೆಸರು ಹಿಡಿದು ಕರೆದದ್ದೇ ಇಲ್ಲ. ಮೆಕ್ಯಾನಿಕ್ಕುಗಳಿಗೆ ಅವರು ಮೊದಲಾಳಿ, ಅಂದರೆ ಧಣಿ, ತಮ್ಮಂದಿರಿಗೆ ದೊಡ್ಡಣ್ಣ, ನನಗೂ ಕಾರು ಓಡಿಸುವ ಮಕ್ಕಳಿಗೂ ಸಾರ್. ಹೋದ ತಿಂಗಳು ಚೆನ್ನೈಯ ಮೈಲಾಪುರದ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಎಪ್ಪತ್ತು ದಾಟಿತ್ತು. ಹೆಚ್ಚು ನರಳಲಿಲ್ಲ, ಪುಣ್ಯವಂತರು ಎಂದು ಬಂದವರೆಲ್ಲ ಹೇಳಿದರು. ನಾನೂ ಹೇಳಿದೆ. ಆದರೆ ನಾನು ಅವರಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಇನ್ನು ಹೇಳಬೇಕಾಗಿಲ್ಲವಲ್ಲ ಎಂದು ಆ ಹೊತ್ತಿನಲ್ಲೂ ಒಳಗೊಳಗೇ ನಿರಾಳವಾಯಿತು. ಆಮೇಲೆ ಆ ನಿರಾಳಕ್ಕೆ ನಾಚಿಕೆಯಾಯಿತು.

ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಅವರು ಸಣ್ಣದೊಂದು ಮೋಟಾರ್ ರೇಸಿಂಗ್ ಟೀಮು ನಡೆಸುತ್ತಿದ್ದರು. ಎಂಟು ವರ್ಷ ಆ ಟೀಮಿನ ಆಫೀಸೆಂದರೆ ನಾನೇ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ವಿಮಾ ಕಂಪನಿಯಲ್ಲಿದ್ದೆ, ಅದೂ ಕ್ಲೇಮ್ ವಿಭಾಗದಲ್ಲಿ. ಕಂತು ಕಟ್ಟಿದ ಮನುಷ್ಯನಿಗೆ ದುಡ್ಡು ಯಾಕೆ ಕೊಡಬೇಕಾಗಿಲ್ಲ ಎಂದು ಪಾಲಿಸಿಯ ಸಣ್ಣಕ್ಷರಗಳಲ್ಲಿ ಹುಡುಕುವ ಕೆಲಸ. ಅದರಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡಿದ್ದೆ. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕುಳಿತು ಎಲ್ಲರ ತಲೆ ತಿನ್ನುತ್ತಿದ್ದಾಗ, ನಮ್ಮ ಮೇಲಿನ ಫ್ಲಾಟಿನಲ್ಲಿದ್ದ ಅವರ ನಾದಿನಿ ಬಂದು, "ನಮ್ಮ ಭಾವನಿಗೆ ಕಾಗದಪತ್ರ ನೋಡ್ಲಿಕ್ಕೆ ಒಬ್ರು ಬೇಕಂತೆ, ನೀವು ಹೋಗ್ತೀರಾ?" ಎಂದರು. ಹೋದೆ.

ರೇಸಿಂಗ್ ಟೀಮಿನ ಯಜಮಾನರೆಂದರೆ ಕಪ್ಪು ಕನ್ನಡಕ, ಚರ್ಮದ ಜಾಕೆಟ್ ಎಂದೆಲ್ಲ ಅಂದುಕೊಂಡಿದ್ದೆ. ಶೆಡ್ಡಿನ ಬಾಗಿಲಲ್ಲಿ ಬಿಳಿ ಅರ್ಧ ತೋಳಿನ ಅಂಗಿ ತೊಟ್ಟು, ಪಂಚೆ ಎತ್ತಿ ಕಟ್ಟಿ, ಸ್ಟೀಲು ಲೋಟದಲ್ಲಿ ಕಾಫಿ ಆರಿಸುತ್ತ ನಿಂತವರನ್ನು ನೋಡಿ ಅಡುಗೆಯವರಿರಬೇಕು ಎಂದುಕೊಂಡು, "ಯಜಮಾನರು ಇದ್ದಾರಾ?" ಎಂದು ಕೇಳಿದೆ. "ಇದ್ದಾರೆ, ಕೂತ್ಕೊಳ್ಳಿ, ಕಾಫಿ ಕುಡೀರಿ" ಎಂದು ಒಳಗೆ ಹೋಗಿ ಕಾಫಿ ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, "ಈಗ ಹೇಳಿ" ಎಂದು ಎದುರಿಗೆ ಕುಳಿತರು. ನನ್ನನ್ನು ಪೇಚಿಗೆ ಸಿಕ್ಕಿಸಬೇಕೆಂದು ಹಾಗೆ ಮಾಡಲಿಲ್ಲ. ಬಂದವರಿಗೆ ಕಾಫಿ ಮೊದಲು, ಮಾತು ಆಮೇಲೆ, ಅಷ್ಟೇ.

ಉಡುಪಿ ಕಡೆಯ ಹೋಟೆಲಿನ ಮನೆತನ ಅವರದು. ತ್ರಿಪ್ಲಿಕೇನಿನಲ್ಲಿ ಅವರ ತಂದೆ ಹಾಕಿದ ಹೋಟೆಲು, ಮೂವರು ಅಣ್ಣತಮ್ಮಂದಿರು. ಹುಡುಗನಾಗಿದ್ದಾಗ ಶೋಲಾವರಂನ ಹಳೆಯ ರನ್‌ವೇಯಲ್ಲಿ ರೇಸು ನಡೆಯುತ್ತಿದ್ದ ಕಾಲಕ್ಕೆ, ಅಲ್ಲಿಗೆ ಇಡ್ಲಿ ಕಾಫಿ ಒಯ್ದು ಮಾರಲು ತಂದೆ ಇವರನ್ನು ಕಳಿಸಿದ್ದರಂತೆ. ಮೊದಲ ಕಾರು ಎದುರಿಗೆ ಹಾದು ಹೋದಾಗ ಇವರ ಹಾಲು ಉಕ್ಕಿ ಒಲೆ ಆರಿತು. ಅಂದು ಸಂಜೆ ತಂದೆಯ ಕೈಯಲ್ಲಿ ತಿಂದ ಏಟನ್ನು ಅವರು ಬಹಳ ಪ್ರೀತಿಯಿಂದ ವರ್ಣಿಸುತ್ತಿದ್ದರು. ತಾವು ಮಾತ್ರ ಜೀವಮಾನದಲ್ಲಿ ಒಂದು ಸಲವೂ ರೇಸು ಓಡಿಸಲಿಲ್ಲ. ಟೀಮಿನ ಹಳೆಯ ವ್ಯಾನನ್ನು ಅವರೇ ಓಡಿಸುತ್ತಿದ್ದರು, ಅದೂ ನಲವತ್ತು ಕಿಲೋಮೀಟರಿನ ವೇಗದಲ್ಲಿ. ಬೆಂಗಳೂರು ಹೆದ್ದಾರಿಯ ಪಕ್ಕದ ಟ್ರ್ಯಾಕಿಗೆ ಹೋಗುವಾಗ ಲಾರಿ, ಬಸ್ಸು, ಕೊನೆಗೆ ಟ್ರ್ಯಾಕ್ಟರಿಗೂ ದಾರಿ ಬಿಟ್ಟುಕೊಡುತ್ತಿದ್ದರು. "ನಮ್ಮದು ರೇಸಿಂಗ್ ಟೀಮ್ ಅಂತ ಹೊರಗೆ ಯಾರಿಗೂ ಹೇಳ್ಬೇಡಿ ಸಾರ್" ಎಂದು ನಾನು ಛೇಡಿಸಿದರೆ, "ಅವರಿಗೆ ಅರ್ಜೆಂಟ್ ಉಂಟು ಮಾರಾಯ್ರೆ, ಹೋಗ್ಲಿ" ಎನ್ನುತ್ತಿದ್ದರು.

ಇವರ ಸೋದರಮಾವ ಊರಿನಲ್ಲಿ ಯಕ್ಷಗಾನದ ಮೇಳವೊಂದರ ಮೇನೇಜರಾಗಿದ್ದರಂತೆ. ಟೀಮು ನಡೆಸುವ ರೀತಿಯನ್ನೆಲ್ಲ ಇವರು ಅಲ್ಲಿಂದಲೇ ತಂದಿದ್ದರು. ಸೀಸನ್ನಿಗೆ ತಿರುಗಾಟ ಎನ್ನುತ್ತಿದ್ದರು. ಈ ಸಲದ ತಿರುಗಾಟದಲ್ಲಿ ಚೆನ್ನೈ ಮೂರು, ಕೊಯಮತ್ತೂರು ಎರಡು ಎಂದು ಅವರು ಎಣಿಸುವುದನ್ನು ಕೇಳಿದರೆ ಯಾರಾದರೂ ಬಯಲಾಟ ಎಂದುಕೊಳ್ಳಬೇಕು. ರೇಸು ನಡೆಯುವಾಗ ಎಷ್ಟು ಸುತ್ತು ಉಳಿದಿದೆ, ಹಿಂದಿನವನು ಎಷ್ಟು ಸೆಕೆಂಡು ದೂರದಲ್ಲಿದ್ದಾನೆ ಎಂದು ಹಲಗೆಯ ಮೇಲೆ ಬರೆದು ಡ್ರೈವರಿಗೆ ತೋರಿಸುತ್ತಾರಲ್ಲ, ಆ ಹಲಗೆಯನ್ನು ಇವರು ಕನ್ನಡ ಅಂಕಿಯಲ್ಲಿ ಬರೆಯುತ್ತಿದ್ದರು. ಬೇರೆ ಟೀಮಿನವರಿಗೆ ಗುಟ್ಟು ಗೊತ್ತಾಗಬಾರದು ಎಂದು. ಒಬ್ಬ ಹೊಸ ಹುಡುಗ ೧ ಅನ್ನು ಸೊನ್ನೆ ಎಂದು ಓದಿ, ಹಿಂದಿನ ಕಾರು ಬೆನ್ನಿಗೇ ಬಂತೆಂದು ಹೆದರಿ, ಮೈಮೇಲೆ ಬಂದವನ ಹಾಗೆ ಓಡಿಸಿ ಗೆದ್ದುಬಿಟ್ಟ. ಮುಂದಿನ ರೇಸಿನಲ್ಲಿ ಇವರು ಬೇಕೆಂತಲೇ ಪ್ರತಿ ಸುತ್ತಿಗೂ ೧ ಎಂದೇ ಬರೆದರು. ಅಷ್ಟರಲ್ಲಿ ಅವನು ಅಂಕಿ ಕಲಿತಿದ್ದ.

ದುಡ್ಡಿನ ವಿಷಯಕ್ಕೆ ಬಂದರೆ, ನಾನು ಸೇರಿದ ದಿನದಿಂದಲೇ ಅದು ಇರಲಿಲ್ಲ. ದೊಡ್ಡ ಟೀಮುಗಳು ಒಂದು ರೇಸು ಓಡಿಸಿ ಬಿಸಾಕುವ ಟೈರುಗಳನ್ನು ಅರ್ಧ ಬೆಲೆಗೆ ತಂದು ನಾವು ಇನ್ನೆರಡು ರೇಸು ಓಡಿಸುತ್ತಿದ್ದೆವು. ಸ್ಪಾನ್ಸರುಗಳೆಂದರೆ ಅವರ ಹೋಟೆಲಿಗೆ ಕಾಫಿಪುಡಿ ಕೊಡುವವರು, ಪಾತ್ರೆ ಕೊಡುವವರು. ಒಂದು ವರ್ಷವಂತೂ ಕಾರಿನ ಮೂತಿಯ ಮೇಲೆ ಹಪ್ಪಳದ ಚಿತ್ರವಿತ್ತು. ಟ್ರ್ಯಾಕಿನಲ್ಲಿ ಎಲ್ಲರೂ ನಮ್ಮನ್ನು ಅಪ್ಪಳಂ ಟೀಮು ಎನ್ನುತ್ತಿದ್ದರು. ಇವರಿಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ. ಟೀಮಿನ ಖರ್ಚಿಗಾಗಿ ಹೋಟೆಲಿನಲ್ಲಿದ್ದ ತಮ್ಮ ಪಾಲನ್ನು ಅವರು ವರ್ಷಕ್ಕಿಷ್ಟು ಎಂದು ತಮ್ಮಂದಿರಿಗೆ ಬಿಟ್ಟುಕೊಡುತ್ತ ಬಂದಿದ್ದರೆಂದು ನನಗೆ ಗೊತ್ತಾದದ್ದು ತಡವಾಗಿ.

ಸಣ್ಣ ಟೀಮುಗಳ ಬದುಕು ಸಾಮಾನ್ಯವಾಗಿ ನಡೆಯುವುದು ಡ್ರೈವರುಗಳು ತರುವ ದುಡ್ಡಿನಿಂದ. ಅನುಕೂಲಸ್ಥರ ಮಕ್ಕಳು ಸೀಸನ್ನಿಗೆ ಇಷ್ಟೆಂದು ಕೊಟ್ಟು ಸೀಟು ಹಿಡಿಯುತ್ತಾರೆ. ಇವರು ಅದನ್ನು ಉಲ್ಟಾ ಮಾಡಿಟ್ಟುಕೊಂಡಿದ್ದರು. ಕೈಯಲ್ಲಿ ಕಸುಬಿದ್ದು ಜೇಬಿನಲ್ಲಿ ಕಾಸಿಲ್ಲದವರನ್ನು ಹುಡುಕಿ ತಂದು, ರೇಸಿಗೆ ಇಷ್ಟೆಂದು ತಾವೇ ಕೊಡುತ್ತಿದ್ದರು. ಅದಕ್ಕೆ ಕರಾರುಪತ್ರ ಎಂಬುದಿಲ್ಲ. ಸೀಸನ್ ಶುರುವಾಗುವ ಮೊದಲು ಡ್ರೈವರಿನ ಮನೆಗೆ ಹೋಗಿ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ರೂಪಾಯಿಯ ನಾಣ್ಯ ಇಟ್ಟು ಕೊಡುವುದು. ಮಾವನ ಮೇಳದಲ್ಲಿ ವೇಷಧಾರಿಗಳಿಗೆ ಹಾಗೇ ಕೊಡುತ್ತಿದ್ದರಂತೆ. ವೀಳ್ಯ ತೆಗೆದುಕೊಂಡವನು ಆ ತಿರುಗಾಟಕ್ಕೆ ಆ ಮೇಳದವನು.

"ಸಾರ್, ಎಲೆ ಅಡಿಕೆಗೆ ಕೋರ್ಟಲ್ಲಿ ಬೆಲೆ ಇಲ್ಲ" ಎಂದೆ ನಾನು, ಸೇರಿದ ಮೊದಲ ವಾರವೇ.

"ಕೋರ್ಟಿಗೆ ಯಾಕೆ ಹೋಗುದು?"

"ನಾಳೆ ಅವರು ಬಿಟ್ಟು ಹೋದರೆ?"

"ಹೋಗುದಾದ್ರೆ ವೀಳ್ಯ ತಂದು ಹಿಂದೆ ಕೊಡ್ತಾರೆ. ಎದುರು ನಿಂತು, ಮುಖ ನೋಡಿ. ಅವರು ಕೊಡ್ಬಹುದು. ಕೊಟ್ಟವ ಹಿಂದೆ ಕೇಳ್ಲಿಕ್ಕೆ ಇಲ್ಲ. ಅಷ್ಟೇ ಕಾನೂನು."

ಎಂಟು ವರ್ಷದಲ್ಲಿ ಈ ಜಗಳವನ್ನು ನಾವು ಎಷ್ಟು ಸಲ ಆಡಿದೆವೋ ಲೆಕ್ಕವಿಲ್ಲ. ನಾನು ಸೋಲುತ್ತಿದ್ದೆ, ಏಕೆಂದರೆ ಅಲ್ಲಿಯವರೆಗೆ ಒಬ್ಬ ಡ್ರೈವರೂ ಬಿಟ್ಟು ಹೋಗಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆಣಕುತ್ತಿತ್ತು. ನಿಜ ಹೇಳಬೇಕೆಂದರೆ, ಒಂದು ಸಲವಾದರೂ ಒಬ್ಬರಾದರೂ ಕೈ ಕೊಡಲಿ, ಆಗ ಗೊತ್ತಾಗುತ್ತದೆ ಇವರಿಗೆ ಎಂದು ಮನಸ್ಸಿನಲ್ಲೇ ಕಾಯುತ್ತಿದ್ದೆ.

ಸೆಲ್ವಿಯ ಮನೆಗೆ ವೀಳ್ಯ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಸೈದಾಪೇಟೆಯಲ್ಲಿ ಎರಡು ಕೋಣೆಯ ಮನೆ, ಅಪ್ಪನಿಗೆ ಬೈಕು ರಿಪೇರಿಯ ಅಂಗಡಿ. ಹುಡುಗಿಗೆ ಇಪ್ಪತ್ತೆರಡು ವರ್ಷ. ಕಡಲ ಪಕ್ಕದ ಈಸಿಆರ್ ರಸ್ತೆಯಲ್ಲಿ, ಪುಟ್ಟ ಕಾರುಗಳನ್ನು ದುಡ್ಡಿಗೆ ಓಡಿಸಲು ಬಿಡುವ ಒಂದು ಗೋ-ಕಾರ್ಟ್ ಜಾಗದಲ್ಲಿ ಬಂದವರಿಗೆ ಹೆಲ್ಮೆಟ್ ತೊಡಿಸುವ ಕೆಲಸಕ್ಕಿದ್ದಳು. ಗಿರಾಕಿಗಳು ಹೋದ ಮೇಲೆ ಅವಳು ಒಬ್ಬಳೇ ನಾಲ್ಕು ಸುತ್ತು ಹೊಡೆಯುವುದನ್ನು ಇವರು ಬೇಲಿಯಾಚೆ ನಿಂತು ನೋಡಿದ್ದರು. ಬಿಳಿ ಅಂಗಿಯ ಹಿರಿಯರೊಬ್ಬರು, ಜೊತೆಗೆ ರೇಷ್ಮೆ ಸೀರೆಯ ಹೆಂಗಸು (ನಾನು ಅಂದು ಬೇರೆಲ್ಲೋ ಮುಂಜಿಯಿಂದ ಬಂದಿದ್ದೆ), ಕೈಯಲ್ಲಿ ವೀಳ್ಯದ ತಟ್ಟೆ. ಹುಡುಗಿಯ ತಾಯಿ ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಒಳಗೆ ಓಡಿ ಹೋಗಿ ಅವಳಿಗೆ ಹೂ ಮುಡಿಸಿಕೊಂಡು ಬಂದಳು. ತಮಿಳರಲ್ಲಿ ಎಲೆ ಅಡಿಕೆಯ ತಟ್ಟೆ ಬದಲಾಯಿಸಿದರೆ ಮದುವೆ ನಿಶ್ಚಯವಾದಂತೆ.

"ಮಾಪ್ಪಿಳ್ಳೈ ಯಾರುಂಗ?" ಎಂದಳು, ಗಂಡು ಯಾರೆಂದು.

ಇವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಗಂಭೀರವಾಗಿ, "ಮಾಪ್ಪಿಳ್ಳೈ ಇಲ್ಲಮ್ಮಾ, ಕಾರು" ಎಂದರು.

ಸೆಲ್ವಿ ನಕ್ಕದ್ದು ನನಗಿನ್ನೂ ಕಿವಿಯಲ್ಲಿದೆ. ಮುಡಿದ ಹೂವಿನೊಂದಿಗೇ ತಟ್ಟೆ ತೆಗೆದುಕೊಂಡಳು. ಆ ತಾಯಿಗೆ ಸಮಾಧಾನವಾಗಲು ಎರಡು ಲೋಟ ಕಾಫಿ ಬೇಕಾಯಿತು.

ಆ ವರ್ಷ ಅವಳು ಓಡಿಸಿದಂತೆ ನಮ್ಮ ಟೀಮಿನಲ್ಲಿ ಯಾರೂ ಓಡಿಸಿರಲಿಲ್ಲ. ನನಗೆ ರೇಸು ಅರ್ಥವಾಗುವುದಿಲ್ಲ, ಈಗಲೂ ಇಲ್ಲ. ಆದರೆ ಅವಳು ತಿರುವಿಗೆ ಬರುವಾಗ ಇವರು ಹಲಗೆ ಹಿಡಿಯುವುದನ್ನೇ ಮರೆತು ನಿಲ್ಲುತ್ತಿದ್ದುದು ನನಗೆ ಕಾಣುತ್ತಿತ್ತು. ನಮ್ಮ ಹಿರಿಯ ಮೆಕ್ಯಾನಿಕ್ ಬಾಲು ಬೇರೆ ಡ್ರೈವರುಗಳ ಮೇಲೆ ಟೈರು ತಿಂದು ಹಾಕಿದಿರೆಂದು ರೇಗುತ್ತಿದ್ದವನು ಅವಳ ಟೈರುಗಳನ್ನು ತಂದು ನನಗೆ ತೋರಿಸಿ, "ನೋಡಿ ಮೇಡಂ, ಹೇಗೆ ಇಟ್ಟಿದ್ದಾಳೆ" ಎನ್ನುತ್ತಿದ್ದ. ಸೀಸನ್ನಿನಲ್ಲಿ ಮೂರನೆಯ ಸ್ಥಾನ ಬಂತು. ಅಪ್ಪಳಂ ಟೀಮಿಗೆ ಅದು ಆಕಾಶ. ಮರುವರ್ಷಕ್ಕೆ ಇವರು ಮತ್ತೆ ಸೈದಾಪೇಟೆಗೆ ಹೋಗಿ ವೀಳ್ಯ ಕೊಟ್ಟು ಬಂದರು. ಈ ಸಲ ತಾಯಿಯೂ ನಕ್ಕಳಂತೆ.

ಅದಾಗಿ ಎರಡೇ ವಾರಕ್ಕೆ ಪ್ರಾಕ್ಟೀಸಿನಲ್ಲಿ ಇಂಜಿನ್ ಹೋಯಿತು. ಯಾರ ತಪ್ಪೂ ಅಲ್ಲ, ಹಳೆಯ ಇಂಜಿನ್. ಎರಡು ಕಾರಿದ್ದದ್ದರಲ್ಲಿ ಒಂದನ್ನು ಹಿಂದಿನ ವರ್ಷವೇ ಮಾರಿಯಾಗಿತ್ತು. ಬ್ಯಾಂಕು ಇಲ್ಲವೆಂದಿತು. ತಮ್ಮಂದಿರಿಗೆ ಬಿಟ್ಟುಕೊಡಲು ಇನ್ನು ಪಾಲು ಉಳಿದಿರಲಿಲ್ಲ. ಮೆಕ್ಯಾನಿಕ್ಕುಗಳ ಸಂಬಳ ಮೂರು ತಿಂಗಳಿಂದ ನಿಂತಿತ್ತು, ನನ್ನದೂ. ಬಾಲುವಿಗೆ ಊರಾಚೆ ಒರಗಡಂನ ಒಂದು ಕಾರು ಕಾರ್ಖಾನೆಯಿಂದ ಕರೆ ಬಂದಿತ್ತು. ಅವನು ಹೋದರೆ ಟೀಮು ಮುಗಿದಂತೆ ಎಂದು ಎಲ್ಲರಿಗೂ ಗೊತ್ತಿತ್ತು. ಕೇಳಿದರೆ ಇವರ ಬಾಯಲ್ಲಿ ಒಂದೇ ಮಾತು: "ನೋಡುವ."

ಆಗ ಬಂದರು ಆ ತಂದೆ. ಗ್ರಾನೈಟ್ ವ್ಯಾಪಾರ, ಒಬ್ಬನೇ ಮಗ, ಮಗನಿಗೆ ರೇಸಿನ ಹುಚ್ಚು. ಸೀಸನ್ನಿನ ಪೂರ್ತಿ ಖರ್ಚು, ಹೊಸ ಇಂಜಿನ್, ಹೊಸ ಟೈರು, ಎಲ್ಲವನ್ನೂ ಮೂರು ಕಂತಿನಲ್ಲಿ ಕೊಡುತ್ತೇನೆ, ಸೀಟು ಮಗನಿಗೆ ಎಂದರು.

"ಸೀಟು ಖಾಲಿ ಇಲ್ಲ" ಎಂದರು ಇವರು, ಅವರ ಮುಂದೆ ಕಾಫಿ ಇಡುತ್ತ.

"ಆ ಹುಡುಗಿಯ ಅಗ್ರಿಮೆಂಟು ಎಲ್ಲಿಯವರೆಗೆ ಇದೆ?"

ಇವರು ನನ್ನತ್ತ ನೋಡಿದರು. ಸುಮ್ಮನಿದ್ದರಾಗುತ್ತಿತ್ತು. ನಾನು, "ಅಗ್ರಿಮೆಂಟು ಇಲ್ಲ ಸಾರ್" ಎಂದೆ. ಆ ತಂದೆ ಮುಗುಳ್ನಕ್ಕು ತಮ್ಮ ವಿಸಿಟಿಂಗ್ ಕಾರ್ಡನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಸಾರ್ ಮೇಜಿನ ಮೇಲಲ್ಲ, ನನ್ನ ಮೇಜಿನ ಮೇಲೆ. ವ್ಯಾಪಾರಸ್ಥರಿಗೆ ಮನುಷ್ಯರು ಬೇಗ ಅರ್ಥವಾಗುತ್ತಾರೆ.

ಅವರು ಹೋದ ಮೇಲೆ ನಾನು ಸಾರ್ ಜೊತೆ ಜಗಳವಾಡಿದೆ. ಟೀಮೇ ಇಲ್ಲದಿದ್ದರೆ ಸೆಲ್ವಿ ಓಡಿಸುವುದಾದರೂ ಏನನ್ನು ಎಂದೆ. ಮೂರು ತಿಂಗಳಿಂದ ಸಂಬಳವಿಲ್ಲದೆ ಬಾಲುವಿನ ಮನೆ ನಡೆಯುವುದು ಹೇಗೆ ಎಂದೆ. ಎಲ್ಲವನ್ನೂ ಕೇಳಿಸಿಕೊಂಡು, "ನೀವು ಹೇಳುದು ಸರಿ ಅಮ್ಮ. ಆದ್ರೆ ವೀಳ್ಯ ಕೊಟ್ಟಾಗಿದೆ ಅಲ್ವಾ. ನಾನು ಹೋಗಿ ಹಿಂದೆ ಕೊಡು ಅಂತ ಹೇಗೆ ಕೇಳುದು?" ಎಂದರು. ದನಿಯಲ್ಲಿ ಹಟವಿರಲಿಲ್ಲ. ಅವರಿಗೆ ನಿಜವಾಗಿಯೂ ಬೇರೆ ದಾರಿ ಕಾಣುತ್ತಿರಲಿಲ್ಲ.

ನನಗೆ ಕಂಡಿತು. ಕೊಟ್ಟವನು ಕೇಳುವಂತಿಲ್ಲ, ತೆಗೆದುಕೊಂಡವರು ಹಿಂದಿರುಗಿಸಬಹುದು. ಅವರೇ ನನಗೆ ಸಾವಿರ ಸಲ ಹೇಳಿದ ಕಾನೂನು. ಇಪ್ಪತ್ತೆರಡು ವರ್ಷ ಪಾಲಿಸಿಗಳಲ್ಲಿ ಸಂದು ಹುಡುಕಿದವಳಿಗೆ ವೀಳ್ಯದೆಲೆಯಲ್ಲೂ ಒಂದು ಸಂದು ಸಿಕ್ಕಿತು.

ಸೆಲ್ವಿಯನ್ನು ಮೈಲಾಪುರದ ನಮ್ಮ ಮನೆಗೆ ಕರೆದೆ. ಮಧ್ಯಾಹ್ನ, ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಳು. ಕೂರಿಸಿ, ಫ್ಯಾನು ಹಾಕಿ, ಕಾಫಿ ಕೊಟ್ಟೆ. ಮಾತು ಆಮೇಲೆ. ಅದನ್ನೂ ನಾನು ಅವರಿಂದಲೇ ಕಲಿತಿದ್ದೆ ಎಂದು ನೆನೆದರೆ ಈಗ ಮೈ ಉರಿಯುತ್ತದೆ. ಟೀಮಿನ ಪರಿಸ್ಥಿತಿಯನ್ನೆಲ್ಲ ಹೇಳಿದೆ. ಒಂದೂ ಸುಳ್ಳು ಹೇಳಲಿಲ್ಲ. ನೀನಾಗಿ ವೀಳ್ಯ ಹಿಂದಿರುಗಿಸಿದರೆ ಮಾತ್ರ ಸಾರ್ ಆ ಹುಡುಗನನ್ನು ತೆಗೆದುಕೊಳ್ಳುತ್ತಾರೆ, ಟೀಮು ಉಳಿಯುತ್ತದೆ, ಮುಂದಿನ ವರ್ಷ ಸೀಟು ನಿನ್ನದೇ ಎಂದೆ. ಮುಂದಿನ ವರ್ಷದ ಸೀಟನ್ನು ಕೊಡಲು ನಾನು ಯಾರು?

"ಸಾರ್‌ಗೆ ತೆರಿಯುಮಾ?" ಎಂದಳು. ಸಾರ್‌ಗೆ ಗೊತ್ತಾ ಎಂದು.

"ಗೊತ್ತಿಲ್ಲ. ಗೊತ್ತಾದರೆ ಒಪ್ಪುವುದಿಲ್ಲ. ಕೆಲಸ ಸಿಕ್ಕಿತು ಅಂತ ಹೇಳು."

ಅವಳು ಲೋಟವನ್ನು ಕೈಯಲ್ಲಿ ತಿರುಗಿಸಿದಳು. ಸೀಟು ಹೋಯಿತಲ್ಲ ಎಂದು ಅಳುತ್ತಾಳೇನೋ ಎಂದುಕೊಂಡಿದ್ದೆ. ಅವಳ ಚಿಂತೆ ಬೇರೆಯಾಗಿತ್ತು.

"ಅವರು ನನ್ನನ್ನು ತಪ್ಪು ತಿಳಿದುಕೊಳ್ತಾರಲ್ಲಾ ಅಕ್ಕಾ."

"ಸೀಸನ್ ಮುಗಿದ ದಿನವೇ ನಾನೇ ಸಾರ್‌ಗೆ ಎಲ್ಲ ಹೇಳ್ತೀನಿ. ನನ್ನ ಮಾತು" ಎಂದೆ.

"ಪ್ರಾಮಿಸ್?"

"ಪ್ರಾಮಿಸ್."

ಅದಕ್ಕೆ ಅವಳು ಕಾಗದ ಕೇಳಲಿಲ್ಲ. ನಾನೂ ಕೊಡಲಿಲ್ಲ.

ಎರಡು ದಿನ ಬಿಟ್ಟು ಗಿಂಡಿಯ ಶೆಡ್ಡಿಗೆ ಬಂದಳು. ತಟ್ಟೆಯಲ್ಲಿ ಹೊಸ ಎಲೆ, ಅಡಿಕೆ. ನಾಣ್ಯ ಮಾತ್ರ ಅವರು ಕೊಟ್ಟದ್ದೇ. ಇವರು ಅವಳ ಕೈಯಲ್ಲಿದ್ದುದನ್ನು ಕಂಡು ಕುರ್ಚಿಯಿಂದ ಎದ್ದು ನಿಂತರು. ಅವಳು ಎದುರು ನಿಂತು, ಮುಖ ನೋಡಿ, ಒರಗಡಂನಲ್ಲಿ ಕೆಲಸ ಸಿಕ್ಕಿತು ಸಾರ್ ಎಂದಳು. ಪಾಠ ಒಪ್ಪಿಸಿದ ಹಾಗೆ ಒಂದೇ ಉಸಿರಿನಲ್ಲಿ. ಇವರು ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡರು. ಆಮೇಲೆ ತಮಿಳಿನಲ್ಲಿ ಸಂಬಳ ಒಳ್ಳೆಯದಾ ಎಂದು ಕೇಳಿದರು. ಪಿ.ಎಫ್. ಇದೆಯಾ ಎಂದು ಕೇಳಿದರು. ಇದೆ ಎಂದಳು. "ಹಾಗಾದರೆ ಒಳ್ಳೆಯದು, ಬಿಡಬೇಡ" ಎಂದರು. ಅವಳು ಕಾಲಿಗೆ ನಮಸ್ಕಾರ ಮಾಡಿ, ನನ್ನ ಕಡೆ ನೋಡದೆ ಹೊರಟುಹೋದಳು. ಇವರು ಹೊರಗೆ ಹೋಗಿ ಬಕೆಟ್ಟಿನಲ್ಲಿ ನೀರು ಹಿಡಿದು ವ್ಯಾನು ತೊಳೆಯತೊಡಗಿದರು. ಬೆಳಿಗ್ಗೆ ತಾನೇ ತೊಳೆದಿದ್ದ ವ್ಯಾನು. ಮುಗಿಸಿ ಒಳಗೆ ಬಂದು, "ಇನ್ನು ನಿಮ್ಮ ಕಾಗದ ಮಾಡಿ ಅಮ್ಮ" ಎಂದರು. ಆ ಕಾಗದ ಆಗಲೇ ಟೈಪಾಗಿ ನನ್ನ ಡ್ರಾಯರಿನಲ್ಲಿತ್ತು. ಅವರಿಗೆ ಅನುಮಾನ ಬರಬಾರದೆಂದು ಎರಡು ದಿನ ತಡೆದು ಕೊಟ್ಟೆ.

ಹನ್ನೊಂದು ಪುಟದ ಅಗ್ರಿಮೆಂಟು. ಇಂಗ್ಲಿಷಿನ ಒಳ್ಳೊಳ್ಳೆಯ ಅಗ್ರಿಮೆಂಟುಗಳಿಂದ ಆಯ್ದು ಜೋಡಿಸಿದ್ದೆ. ಇವರು ಓದದೆ ಸಹಿ ಹಾಕಿದರು. "ನೀವು ಓದಿದ್ದೀರಲ್ಲ" ಎಂದರು. ಆ ಹುಡುಗನಿಗೂ ವೀಳ್ಯ ಕೊಟ್ಟರು. ಅವನು ತಟ್ಟೆಯ ಜೊತೆ ಫೋಟೊ ತೆಗೆಸಿಕೊಂಡು, ತಟ್ಟೆಯನ್ನು ಕಾರಿನ ಮೇಲೆಯೇ ಮರೆತು ಹೋದ. ಕೆಟ್ಟವನಲ್ಲ, ಅವನಿಗೆ ಅದು ಏನೆಂದು ಯಾರೂ ಹೇಳಿರಲಿಲ್ಲ. ಮೂರು ರೇಸು ಓಡಿಸಿದ. ಅಷ್ಟರಲ್ಲಿ ಒಂದು ದೊಡ್ಡ ಟೀಮಿನಲ್ಲಿ ಜಾಗ ಸಿಕ್ಕಿತು. ಅವನ ತಂದೆಯ ವಕೀಲರಿಂದ ಒಂದು ಕಾಗದ ಬಂತು: ಅಗ್ರಿಮೆಂಟಿನ ಒಂಬತ್ತನೆಯ ಕಲಮಿನ ಪ್ರಕಾರ ಮೂವತ್ತು ದಿನದ ನೋಟೀಸು ಕೊಟ್ಟು ಯಾರು ಬೇಕಾದರೂ ಹೊರಬರಬಹುದು. ಉಳಿದ ಎರಡು ಕಂತು ಅನ್ವಯಿಸುವುದಿಲ್ಲ. ಒಂಬತ್ತನೆಯ ಕಲಮು ಎಲ್ಲಿಂದ ಬಂತೆಂದು ತೆಗೆದು ನೋಡಿದೆ. ಯಾವುದೋ ಆಫೀಸು ಬಾಡಿಗೆಯ ಕರಾರಿನಿಂದ ನಾನೇ ನಕಲು ಮಾಡಿದ್ದೆ. ಕ್ಲೇಮ್ ವಿಭಾಗದ ಜಾಣೆ, ನನ್ನ ಕಾಗದವನ್ನೇ ನಾನು ಸರಿಯಾಗಿ ಓದಿರಲಿಲ್ಲ.

ಇವರು ನನಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಆ ಬೈಗುಳದ ಹಿಂದೆಯೇ ಉಳಿದದ್ದನ್ನೂ ಹೇಳಿಬಿಡುತ್ತಿದ್ದೆನೇನೋ. ಕಾರು ಮಾರಿ ಬಾಲುವಿಗೂ ಉಳಿದವರಿಗೂ ನನಗೂ ಬಾಕಿಯೆಲ್ಲ ಕೊಟ್ಟು ಶೆಡ್ಡಿನ ಬೀಗದ ಕೈ ಹಿಂದಿರುಗಿಸಿದರು. ಆಮೇಲೆ ತ್ರಿಪ್ಲಿಕೇನಿನಲ್ಲಿ ತಮ್ಮಂದಿರ ಹೋಟೆಲಿನ ಗಲ್ಲಾದಲ್ಲಿ ಕುಳಿತುಕೊಳ್ಳತೊಡಗಿದರು. ಒಂದು ಕಾಲಕ್ಕೆ ಪಾಲುದಾರರಾಗಿದ್ದ ಜಾಗದಲ್ಲಿ ಸಂಬಳಕ್ಕೆ.

ಸೀಸನ್ ಮುಗಿಯುವ ಹೊತ್ತಿಗೆ ಸೆಲ್ವಿ ಫೋನು ಮಾಡಿದಳು. ಸ್ವಲ್ಪ ತಾಳು, ಸಾರ್ ಮನಸ್ಸು ಸರಿಯಿಲ್ಲ ಎಂದೆ. ಇನ್ನೊಂದು ಸಲ ಮಾಡಿದಳು. ಫೋನು ತೆಗೆಯಲಿಲ್ಲ. ಸುಳ್ಳು ಹೇಳಿದ ಮುಖ ಹೊತ್ತು ಅವರ ಮುಂದೆ ಹೋಗಲು ಅವಳಿಗೆ ಆಗುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೇಳಿದರೆ ಮಾತ್ರ ಅವಳು ಬರಬಹುದಾಗಿತ್ತು.

ತಿಂಗಳಿಗೊಮ್ಮೆ ಆ ಹೋಟೆಲಿಗೆ ಹೋಗುತ್ತಿದ್ದೆ, ಹೇಳಿಬಿಡೋಣ ಎಂದುಕೊಂಡೇ. ಒಂದು ಸಲ ಅವರೇ ಮಾತು ತೆಗೆದರು. ಗಿರಾಕಿಗಳು ಕಡಮೆಯಿದ್ದ ಹೊತ್ತು. ಚಿಲ್ಲರೆ ಜೋಡಿಸುತ್ತಿದ್ದವರು ತಲೆ ಎತ್ತದೆ, "ಒಂದು ಕೇಳ್ತೇನೆ, ನಿಜ ಹೇಳ್ಬೇಕು" ಎಂದರು. "ಆ ಸೆಲ್ವಿ ಹತ್ರ ನಾನು ಎಂತಾದ್ರೂ ತಪ್ಪಿ ಮಾತಾಡಿದ್ನಾ? ಬೇಜಾರು ಆಗುವ ಹಾಗೆ? ಅಷ್ಟು ವರ್ಷದಲ್ಲಿ ವೀಳ್ಯ ಹಿಂದೆ ಬಂದದ್ದು ಅದೊಂದೇ. ಕೆಲಸ ಸಿಕ್ಕಿದ್ದು ಹೌದು, ಆದ್ರೂ ಆ ಹುಡುಗಿಯ ಮುಖದಲ್ಲಿ ಬೇರೆ ಎಂತದೋ ಇತ್ತು."

ಇಷ್ಟು ಅನುಕೂಲವಾಗಿ ಬಾಗಿಲು ತೆರೆದು ಯಾರೂ ನಿಲ್ಲುವುದಿಲ್ಲ. ಒಳಗೆ ಹೋಗುವುದೊಂದೇ ಬಾಕಿ. ಆದರೆ ಬಂದವರಿಗೆಲ್ಲ ಅವರು ನನ್ನನ್ನು "ನಮ್ಮ ಟೀಮಿನ ತಲೆ ಇವರು" ಎಂದು ಪರಿಚಯಿಸುತ್ತಿದ್ದರು. ಐದು ನಿಮಿಷದ ಹಿಂದೆ ಒಬ್ಬ ಗಿರಾಕಿಗೂ ಹಾಗೇ ಹೇಳಿದ್ದರು. ಆ ತಲೆ ಮಾಡಿದ ಕೆಲಸವನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

"ಇಲ್ಲ ಸಾರ್, ನೀವೇನೂ ಅಂದಿಲ್ಲ. ಈಗಿನ ಮಕ್ಕಳೇ ಹಾಗೆ. ಒಳ್ಳೆ ಸಂಬಳ ಸಿಕ್ಕಿದರೆ ಆಯ್ತು" ಎಂದೆ.

"ಹಾಗೆ ಹೇಳ್ಬೇಡಿ" ಎಂದರು. "ಒಳ್ಳೆ ಹುಡುಗಿ. ಕ್ರಮದಲ್ಲಿ ತಂದು ಕೊಟ್ಟಳು."

ಅವಳ ಸೀಟು ಕಿತ್ತದ್ದಕ್ಕಿಂತ ನಾನಾಡಿದ ಈ ಮಾತಿಗೆ ನನಗೆ ಕ್ಷಮೆಯಿಲ್ಲ. ಸೀಟು ಕಿತ್ತಾಗ ಟೀಮನ್ನು ಉಳಿಸುತ್ತಿದ್ದೇನೆ ಎಂಬ ನೆಪವಾದರೂ ಇತ್ತು. ಇಲ್ಲಿ ಉಳಿಸಿಕೊಂಡದ್ದು ನನ್ನ ಮರ್ಯಾದೆಯನ್ನು ಮಾತ್ರ. ಅದಕ್ಕಾಗಿ ಅವಳ ಮೇಲೆ ಒಂದು ಹಿಡಿ ಮಣ್ಣು ಹಾಕಿದೆ. ಅದನ್ನೂ ಅವರೇ ಒರೆಸಬೇಕಾಯಿತು.

ಆಸ್ಪತ್ರೆಗೂ ಹೋಗಿದ್ದೆ. ಎರಡು ಸಲ. ಮಾತಾಡುವಷ್ಟು ಗೆಲುವಾಗಿಯೇ ಇದ್ದರು, ಆಸ್ಪತ್ರೆಯ ಕಾಫಿಯನ್ನು ಬೈದರು. ಪಕ್ಕದಲ್ಲಿ ಯಾರೋ ಇದ್ದಾರೆ, ನಾಳೆ ಹೇಳೋಣ ಎಂದುಕೊಂಡೆ. ಎರಡನೆಯ ಸಲ ಯಾರೂ ಇರಲಿಲ್ಲ. ಆಗ, ಈ ಸ್ಥಿತಿಯಲ್ಲಿ ಅವರಿಗೆ ಯಾಕೆ ನೋವು ಕೊಡಬೇಕು ಎಂದುಕೊಂಡೆ. ಕ್ಲೇಮ್ ತಿರಸ್ಕರಿಸಲು ನನಗೆ ಯಾವತ್ತೂ ಕಾರಣಗಳ ಕೊರತೆ ಬಿದ್ದದ್ದಿಲ್ಲ.

ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯ ಊಟಕ್ಕೆ ಸೆಲ್ವಿ ಬಂದಿದ್ದಳು. ಬಾಲು ತಿಳಿಸಿದ್ದನಂತೆ. ಆರು ವರ್ಷದ ಮೇಲೆ ನೋಡುತ್ತಿದ್ದೆ. ಈಗ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾಳೆ. ರೇಸಿಗೆ ಮತ್ತೆ ಯಾರೂ ಕರೆಯಲಿಲ್ಲ. ಪಂಕ್ತಿಯಲ್ಲಿ ನನ್ನನ್ನು ಕಂಡು ನೇರ ಬಂದು ಪಕ್ಕದ ಎಲೆಗೆ ಕುಳಿತಳು. ಫೋನು ತೆಗೆಯದಿದ್ದ ಬಗ್ಗೆ ಒಂದು ಮಾತಿಲ್ಲ. ನನ್ನ ಕೂದಲು ಬೆಳ್ಳಗಾದದ್ದನ್ನು ಹೇಳಿದಳು, ತನ್ನ ಅಪ್ಪನ ಅಂಗಡಿಯ ವಿಷಯ ಹೇಳಿದಳು. ಪಾಯಸ ಬಡಿಸಿಕೊಂಡು ಹೋದ ಮೇಲೆ, ತಲೆ ತಗ್ಗಿಸಿ, ಬಹಳ ಮೆಲ್ಲಗೆ ಕೇಳಿದಳು:

"ಸಾರ್ ಕಿಟ್ಟೆ ಸೊನ್ನೀಂಗಳಾ ಅಕ್ಕಾ?"

ಸಾರ್‌ಗೆ ಹೇಳಿದಿರಾ ಅಕ್ಕಾ?

ಇಲ್ಲ ಎನ್ನಬೇಕಿತ್ತು. ಅವಳ ಕಣ್ಣು ನೋಡಿದೆ. "ಹೇಳಿದೆ" ಎಂದೆ.

"ಏನಂದರು?"

ಒಂದು ಸುಳ್ಳಿಗೆ ಇನ್ನೊಂದು ಬೇಕಾಗುತ್ತದೆಂದು ಯೋಚಿಸಿರಲಿಲ್ಲ. ಸತ್ತವರ ಬಾಯಿಂದ ಏನು ಹೇಳಿಸಲಿ? "ನನಗೆ ಆವತ್ತೇ ಗೊತ್ತಿತ್ತು ಅಂದರು. ಸೆಲ್ವಿ ಹಾಗೆ ಬಿಟ್ಟು ಹೋಗುವವಳಲ್ಲ ಅಂದರು" ಎಂದೆ.

"ಅದಾನೇ ಪಾತ್ತೇನ್" ಎಂದಳು. ನಾನೂ ಹಾಗೇ ಅಂದುಕೊಂಡೆ ಎಂದು. ಅವಳ ಮುಖವೆಲ್ಲ ಅರಳಿತು. ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದಳು. ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, "ಮಾತು ಉಳಿಸಿಕೊಂಡಿರಿ ಅಕ್ಕಾ, ಥ್ಯಾಂಕ್ಸ್" ಎಂದಳು. ಎಷ್ಟೋ ವರ್ಷದ ಹಸಿವಿದ್ದವಳ ಹಾಗೆ ಊಟ ಮಾಡಿದಳು. ನಾನು ಪಾಯಸ ಬಿಟ್ಟು ಎದ್ದೆ.

ಅವಳಿಗೆ ನಿಜ ಹೇಳಿ ಆ ನಗುವನ್ನು ಕಿತ್ತುಕೊಳ್ಳಬೇಕೋ, ಹಾಗೇ ಬಿಟ್ಟು ನನ್ನ ಪಾಡಿಗೆ ನಾನು ಸಾಯಬೇಕೋ ನನಗೆ ತಿಳಿಯುತ್ತಿಲ್ಲ. ತಿಳಿಯದ್ದರಿಂದ ಬರೆಯಲು ಕುಳಿತೆ. ಸಾರ್ ಇದ್ದಿದ್ದರೆ ಇದನ್ನು ಓದುತ್ತಿದ್ದರು, ಕನ್ನಡದ ಪತ್ರಿಕೆ ಯಾವುದು ಸಿಕ್ಕಿದರೂ ಬಿಡುತ್ತಿರಲಿಲ್ಲ. ಸೆಲ್ವಿಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆದಿದ್ದೇನೆ.